ಸಂತೆಕಟ್ಟೆಯ ಆಟೋ ಇಲೆಕ್ಟ್ರಿಷಿಯನ್: ಕಂಪೆನಿ ಸ್ವಿಚ್ಚಿಗೇ ಎಕ್ಸ್‌ಟ್ರಾ ಲೈಟು

ಉಡುಪಿಯಿಂದ ಬ್ರಹ್ಮಾವರದ ಕಡೆ ಹೋಗುವಾಗ, ಸಂತೆಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಆಟೋ ಇಲೆಕ್ಟ್ರಿಕಲ್ ಅಂಗಡಿ ಇದೆ. ತಗಡಿನ ಮಾಡು. ಎದುರಿಗೆ ಎರಡು ಗಾಡಿ ನಿಲ್ಲುವಷ್ಟು ಜಾಗ. ಬೋರ್ಡಿನ ಬಣ್ಣವೆಲ್ಲ ಮಳೆಗೆ ಹೋಗಿದೆ. ಇಲ್ಲಿ ಹೆಸರು ಹಾಕೋಣ ಅಂತಿದ್ದೆ, ಅವರೇ ಬೇಡ ಅಂದರು. "ಈಗ ಬರುವ ಗಾಡಿಯೇ ಮುಗಿಯುದಿಲ್ಲ ಡಾಕ್ಟ್ರೆ, ಇನ್ನು ನೀವು ಬರೆದ್ರೆ ಎಂತ ಮಾಡುದು?" ಹಾಗಾಗಿ ಹೆಸರು ಬಿಟ್ಟಿದ್ದೇನೆ. ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿದರೆ ತೋರಿಸುತ್ತಾರೆ.

ನನ್ನ ಕೆಲಸ ಇಷ್ಟೇ. ಬೊಲೆರೋಗೆ ಎರಡು ಎಕ್ಸ್‌ಟ್ರಾ ಲೈಟು ಹಾಕಬೇಕು, ಅವು ಕಂಪೆನಿಯ ಫಾಗ್ ಲ್ಯಾಂಪ್ (ಮಂಜಿಗೆ ಹಾಕುವ ದೀಪ) ಸ್ವಿಚ್ಚು ಒತ್ತಿದಾಗಲೇ ಹತ್ತಬೇಕು. ಕೇಳಲಿಕ್ಕೆ ಸಣ್ಣ ಕೆಲಸ. ಇದನ್ನು ಕೆಡಿಸಿ ಕೊಡುವವರು ಎಷ್ಟು ಜನ ಅಂತ ಗಾಡಿ ಇಟ್ಟುಕೊಂಡವರಿಗೆ ಗೊತ್ತು. ಇವರು ಕೆಡಿಸಲಿಲ್ಲ. ನಿಧಾನ, ಸ್ವಲ್ಪ ದುಬಾರಿ, ಕೂತುಕೊಳ್ಳಲಿಕ್ಕೆ ಒಂದು ಕುರ್ಚಿಯೂ ಇಲ್ಲ. ಆದರೆ ಉಪ್ಪುಗಾಳಿ, ಮಳೆ ಎರಡೂ ಇರುವ ನಮ್ಮೂರಿನಲ್ಲಿ ಗಾಡಿಯ ವೈರಿಂಗ್ ಹೇಗಿರಬೇಕೋ ಹಾಗೆ ಮಾಡಿದ್ದಾರೆ.

ನಾನು ದನದ ಡಾಕ್ಟರು. ಸರಕಾರಿ ಕೆಲಸದಿಂದ ನಿವೃತ್ತಿ ಆಗಿದೆ, ಫೋನಿಗೆ ಮಾತ್ರ ನಿವೃತ್ತಿ ಇಲ್ಲ. ಹೆಬ್ರಿ, ಮುನಿಯಾಲು, ಸೋಮೇಶ್ವರ, ನಾಡ್ಪಾಲು ಕಡೆಯವರು ಈಗಲೂ ಕರೆಯುತ್ತಾರೆ. ದನ ಕರು ಹಾಕಲಿಕ್ಕೆ ಹೊತ್ತುಗೊತ್ತು ನೋಡುವುದಿಲ್ಲ. ಕರು ಹೊಟ್ಟೆಯಲ್ಲಿ ಅಡ್ಡ ಬಿದ್ದಿದ್ದರೆ ಬೆಳಗಾಗಲಿ ಅಂತ ಕಾಯಲಿಕ್ಕೂ ಆಗುವುದಿಲ್ಲ. ಹಿರಿಯಡ್ಕ ದಾಟಿದ ಮೇಲೆ ದಾರಿಯಲ್ಲಿ ದೀಪ ಕಮ್ಮಿ. ಹೆಬ್ರಿಯಿಂದ ಮುಂದೆ ಸೋಮೇಶ್ವರ ಅಭಯಾರಣ್ಯ. ಅಲ್ಲಿ ರಸ್ತೆ ಬದಿಯಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿದ್ದರೆ ಕಪ್ಪಿನೊಳಗೆ ಕಪ್ಪು. ಮೊಣಕಾಲಿನ ಕೆಳಗೆ ಅದರ ಕಾಲು ಬಿಳಿ, ಅದೊಂದೇ ಗುರುತು. ಆ ಕಾಲು ಕಾಣಬೇಕಾದರೆ ಬೆಳಕು ಬದಿಗೆ ಹರಡಬೇಕು. ಹೆಡ್‌ಲೈಟು ದೂರಕ್ಕೆ ಹೋಗುತ್ತದೆ, ಬದಿಗೆ ಅಷ್ಟು ಹೋಗುವುದಿಲ್ಲ. ಇನ್ನು ಆಗುಂಬೆ ಘಾಟಿಯ 14 ತಿರುವುಗಳಲ್ಲಂತೂ, ಗಾಡಿ ತಿರುಗುವ ಮುಂಚೆ ಹೆಡ್‌ಲೈಟು ನೇರ ಕಣಿವೆಗೆ ಹೋಗುತ್ತದೆ. ನಮಗೆ ಬೇಕಾದದ್ದು ಪಕ್ಕದ ತಡೆಗೋಡೆ.

ಗಾಡಿ ಸೆಕೆಂಡ್ ಹ್ಯಾಂಡ್. ಕಂಪೆನಿಯಿಂದಲೇ ಫಾಗ್ ಲ್ಯಾಂಪ್ ಬಂದ ಮಾಡೆಲ್. ಹಿಂದಿನ ಓನರು ಎಲ್ಲೋ ಇನ್ನೆರಡು ಹ್ಯಾಲೊಜನ್ ಲೈಟು ಹಾಕಿಸಿದ್ದರು. ಅದು ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಹತ್ತಿದಾಗ ಡ್ಯಾಶ್‌ಬೋರ್ಡಿನಿಂದ ಪ್ಲಾಸ್ಟಿಕ್ ಬಿಸಿಯಾದ ವಾಸನೆ. ಇವರು ಬಂಪರಿನ ಹಿಂದೆ ಕೈ ಹಾಕಿ ಒಂದು ಗಂಟನ್ನು ಹೊರಗೆ ಎಳೆದರು. ಫಾಗ್ ಲ್ಯಾಂಪಿನ ವೈರಿನ ಸಿಪ್ಪೆ ಕೆರೆದು, ಅದಕ್ಕೇ ಹೊಸ ವೈರು ಸುತ್ತಿ, ಮೇಲೆ ಕಪ್ಪು ಟೇಪು ಕಟ್ಟಿದ್ದರು. ಟೇಪು ಕರಗಿ ಅಂಟು ಅಂಟಾಗಿತ್ತು. ಒಳಗೆ ತಾಮ್ರಕ್ಕೆ ಕಿಲುಬು ಹಿಡಿದು ಹಸಿರಾಗಿತ್ತು, ಉಗುರಿನಲ್ಲಿ ಕೆರೆದರೆ ಪುಡಿ ಬೀಳುತ್ತಿತ್ತು. ಆಮೇಲೆ ಫ್ಯೂಸ್ ಬಾಕ್ಸ್ ತೆಗೆದು ನನ್ನನ್ನು ಕರೆದರು. "ಇಲ್ಲಿ ನೋಡಿ. ನೀಲಿ ಇರ್ಬೇಕಾದಲ್ಲಿ ಹಸಿರು ಉಂಟು."

ಗಾಡಿಯ ಫ್ಯೂಸಿಗೆ ಬಣ್ಣದ ಲೆಕ್ಕ ಇದೆ. 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. 55 ವ್ಯಾಟಿನ ಎರಡು ಬಲ್ಬು ಅಂದರೆ 110 ವ್ಯಾಟ್. 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ಅದಕ್ಕೆ 15ರ ನೀಲಿ ಫ್ಯೂಸು ಸರಿ. ಅದೇ ವೈರಿಗೆ ಇನ್ನೆರಡು 55ರ ಬಲ್ಬು ಕಟ್ಟಿದರೆ 18 ದಾಟುತ್ತದೆ, ನೀಲಿ ಫ್ಯೂಸು ಸುಡುತ್ತದೆ. ಸುಡಲಿಕ್ಕೇ ಅದನ್ನು ಇಟ್ಟಿರುವುದು. ಇದಕ್ಕೆ ಯಾರೋ ಕಂಡುಕೊಂಡ ಉಪಾಯ 30ರ ಹಸಿರು ಫ್ಯೂಸು. ಆಮೇಲೆ ಫ್ಯೂಸು ಸುಡುವುದಿಲ್ಲ, ಸ್ವಿಚ್ಚಿನ ಒಳಗಿನ ಪಾಯಿಂಟು ಸುಡುತ್ತದೆ. ನಿಮ್ಮ ಗಾಡಿಯಲ್ಲಿ ಹೊರಗಿನವರು ಲೈಟು ಕೂರಿಸಿದ್ದರೆ ಇವತ್ತೇ ಫ್ಯೂಸ್ ಬಾಕ್ಸಿನ ಮುಚ್ಚಳದ ಚಾರ್ಟು ಓದಿ, ಬಣ್ಣ ತಾಳೆ ನೋಡಿ. ಐದು ನಿಮಿಷ ಸಾಕು.

ಹಳೆಯದನ್ನೆಲ್ಲ ಕಿತ್ತು ಹಾಕಿದರು. ನಾನು ತಂದಿದ್ದು 40 ವ್ಯಾಟಿನ ಎರಡು ಹಳದಿ ಎಲ್‌ಇಡಿ ಫಾಗ್ ಲೈಟು. ಅದರ ಪೆಟ್ಟಿಗೆಯಲ್ಲೇ ಒಂದು ರೆಡಿಮೇಡ್ ವೈರಿಂಗ್ ಕಿಟ್ ಕೂಡ ಬಂದಿತ್ತು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸಾಧನ), ಫ್ಯೂಸು, ಒಂದು ಸ್ವಿಚ್ಚು, ಎಲ್ಲ ಜೋಡಿಸಿಟ್ಟದ್ದು. ನೋಡಲಿಕ್ಕೆ ಚಂದ. ಇವರು ಅದರ ವೈರಿನ ತುದಿಯನ್ನು ಬ್ಲೇಡಿನಲ್ಲಿ ಕೆರೆದರು. ಮೇಲೆ ಕೆಂಪು, ಒಳಗೆ ಬಿಳಿ. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಸಿಪ್ಪೆ ದಪ್ಪ, ಒಳಗಿನ ಎಳೆ ಸಪೂರ. "ಘಟ್ಟದ ಮೇಲೆ ಆದ್ರೆ ಹೇಗೋ ನಡೀತದೆ ಮಾರಾಯ್ರೆ, ಸಮುದ್ರದ ಬದಿ ಇದು ಒಂದು ಮಳೆಗಾಲ ಬರುದಿಲ್ಲ" ಅಂದರು. ಘಟ್ಟದ ಮೇಲಿನವರಿಗೂ ಇದು ಬೇಡ ಅಂತ ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ವೈರನ್ನು ಪಿನ್ನಿಗೆ ಒತ್ತಿ ಕೂರಿಸಿದರೆ, ಬಿಸಿ ತಣ್ಣಗೆ ಆಗಿ ಆಗಿ ಹಿಡಿತ ಸಡಿಲ ಆಗುತ್ತದೆ. ಉಪ್ಪು ನೀರು ತಾಗಿದರೆ ಇನ್ನೂ ಬೇಗ. ಆ ಕಿಟ್ಟಿನಲ್ಲಿ ಲೈಟಿನ ಬ್ರಾಕೆಟ್ ಬೋಲ್ಟು ಮಾತ್ರ ಉಪಯೋಗಕ್ಕೆ ಬಂತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಂಪೆನಿ ಸ್ವಿಚ್ಚಿಗೆ ಕನೆಕ್ಷನ್ ಅಂದ ಕೂಡಲೇ ಸ್ವಿಚ್ಚಿನ ಮೂಲಕ ಲೈಟಿನ ಪೂರ್ತಿ ಕರೆಂಟು ಹೋಗಬೇಕು ಅಂತ ಇಲ್ಲ. ಮಧ್ಯೆ ಒಂದು ರಿಲೇ ಹಾಕುತ್ತಾರೆ. ರಿಲೇಯ ಪಿನ್ನುಗಳಿಗೆ ನಂಬರ್ ಇರುತ್ತದೆ. 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರ ಪ್ಲಸ್. 87ರಿಂದ ಲೈಟಿಗೆ. 85, 86 ಇವೆರಡರ ನಡುವೆ ಒಳಗೆ ಒಂದು ಸಣ್ಣ ಕಾಯಿಲ್. ಅದಕ್ಕೆ ಕರೆಂಟು ಸಿಕ್ಕಿದಾಗ ಟಕ್ ಅಂತ 30 ಮತ್ತು 87 ಸೇರುತ್ತವೆ. ಕಾಯಿಲ್ ಎಳೆಯುವುದು ಒಂದು ಆಂಪಿಯರಿನ ಐದನೇ ಒಂದು ಭಾಗದಷ್ಟು, ಅಥವಾ ಅದಕ್ಕೂ ಕಮ್ಮಿ. ಕಂಪೆನಿಯ ಸ್ವಿಚ್ಚಿಗೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಎರಡು ಲೈಟಿನ 80 ವ್ಯಾಟ್, ಅಂದರೆ 7 ಆಂಪಿಯರಿನ ಹತ್ತಿರ, ಬ್ಯಾಟರಿಯಿಂದ ಬೇರೆ ದಾರಿಯಲ್ಲೇ ಹೋಗುತ್ತದೆ. ಅದಕ್ಕೆ 10ರ ಕೆಂಪು ಫ್ಯೂಸು, ಬ್ಯಾಟರಿಯ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ. ಇದು ಬಹಳ ಮುಖ್ಯ. ಬ್ಯಾಟರಿಯಿಂದ ಫ್ಯೂಸಿನ ತನಕದ ವೈರಿಗೆ ಕಾವಲು ಯಾರೂ ಇಲ್ಲ, ಅಲ್ಲಿ ಸಿಪ್ಪೆ ಉಜ್ಜಿ ಬಾಡಿಗೆ ತಾಗಿದರೆ ನೇರ ಬೆಂಕಿ. ಆ ತುಂಡು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಕಾಯಿಲ್ಲಿಗೆ ಕರೆಂಟು ಎಲ್ಲಿಂದ ತೆಗೆದರು? ಇಲ್ಲೇ ನನಗೆ ಇವರು ಇಷ್ಟ ಆದದ್ದು. ಬೇರೆ ಕಡೆ ಕೇಳಿದಾಗ ಡ್ಯಾಶ್‌ಬೋರ್ಡ್ ಬಿಚ್ಚಿ ಸ್ವಿಚ್ಚಿನ ಹಿಂದೆ ಹಿಡಿಯಬೇಕು, ವೈರು ಬರಲಿಕ್ಕೆ ಒಂದು ತೂತು ಮಾಡಬೇಕು ಅಂದಿದ್ದರು. ಇವರು ಡ್ಯಾಶ್‌ಬೋರ್ಡ್ ಮುಟ್ಟಲೇ ಇಲ್ಲ. ಎಡಬದಿಯ ಕಂಪೆನಿ ಫಾಗ್ ಲ್ಯಾಂಪಿಗೆ ವೈರು ಸಿಕ್ಕಿಸುವ ಕಪ್ಲರ್ ಇದೆಯಲ್ಲ, ಅದಕ್ಕೂ ಲ್ಯಾಂಪಿಗೂ ನಡುವೆ ಒಂದು ಸಣ್ಣ ಜೋಡಣೆ ಮಾಡಿ, ಅಲ್ಲಿಂದ ಎರಡು ಸಪೂರ ವೈರು ತೆಗೆದು ರಿಲೇಯ 85, 86ಕ್ಕೆ ಕೊಟ್ಟರು. ಕಂಪೆನಿಯ ವೈರಿಗೆ ಕತ್ತರಿ ಇಲ್ಲ. ನಾಳೆ ಬೇಡ ಅಂದರೆ ಆ ಜೋಡಣೆ ಕಿತ್ತು, ಕಪ್ಲರ್ ಮೊದಲಿನ ಹಾಗೆ ಹಾಕಿದರೆ ಆಯಿತು. ಗಾಡಿಯ ಒಳಗೆ ಒಂದು ವೈರೂ ಬರಲಿಲ್ಲ, ಎಲ್ಲ ಬಾನೆಟಿನ ಕೆಳಗೇ ಮುಗಿಯಿತು.

ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪ್ಲಸ್ ಕಟ್ ಮಾಡುತ್ತದೆ, ಕೆಲವದರಲ್ಲಿ ಮೈನಸ್. ಒಂದೇ ವೈರು ತೆಗೆದು, ಇನ್ನೊಂದು ತುದಿಯನ್ನು ಬಾಡಿಗೆ ಅರ್ತ್ ಕೊಟ್ಟರೆ, ಮೈನಸ್ ಕಟ್ ಮಾಡುವ ಗಾಡಿಯಲ್ಲಿ ಲೈಟು ಆರುವುದೇ ಇಲ್ಲ. ಲ್ಯಾಂಪಿನ ಎರಡೂ ವೈರಿನಿಂದ ತೆಗೆದರೆ ಆ ತಲೆಬಿಸಿ ಇಲ್ಲ. ಲ್ಯಾಂಪು ಹತ್ತಿದಾಗ ರಿಲೇ ಒತ್ತುತ್ತದೆ, ಆರಿದಾಗ ಬಿಡುತ್ತದೆ. ರಿಲೇಯ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ಜಾತಿ ಆದರೆ ಮಾತ್ರ ಪ್ಲಸ್ ಮೈನಸ್ ಅದಲುಬದಲು ಆಗಬಾರದು. ಅದನ್ನು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿಯೇ ಕೊಟ್ಟರು. ಬಲ್ಬಿಗೆ ಸಮಾನಾಂತರ ಕನೆಕ್ಷನ್ ಆದ್ದರಿಂದ ಕಂಪೆನಿಯ ಬಲ್ಬು ಸುಟ್ಟರೂ ಹೊಸ ಲೈಟು ಹತ್ತುತ್ತದೆ. ಕಂಪೆನಿಯ ಫಾಗ್ ಲ್ಯಾಂಪಿನ ಫ್ಯೂಸು ಹೋದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ. ಅದನ್ನು ಅವರೇ ಹೇಳಿ, ಒಂದು ನೀಲಿ ಫ್ಯೂಸು ಗ್ಲೋವ್ ಬಾಕ್ಸಿಗೆ ಹಾಕಿದರು.

ವೈರು 2.5 ಸ್ಕ್ವೇರ್ ಎಂಎಂ, ತಾಮ್ರ. ವೈರಿನ ತುದಿಗೆ ಹಾಕುವ ಲೋಹದ ಲಗ್ಗುಗಳನ್ನೆಲ್ಲ ಕ್ರಿಂಪಿಂಗ್ ಪ್ಲಯರಿನಲ್ಲಿ ಒತ್ತಿ, ಒಂದೊಂದನ್ನೂ ಎಳೆದು ನೋಡಿ, ಮೇಲೆ ಒಳಗೆ ಅಂಟು ಇರುವ ಹೀಟ್ ಸ್ಲೀವ್ ಹಾಕಿ ಕಾಯಿಸಿದರು. ನಾನು ಹೊಲಿಗೆ ಹಾಕಿದ ಮೇಲೆ ಗಂಟು ಎಳೆದು ನೋಡುವ ಹಾಗೆಯೇ. ಅರ್ತಿಗೆ ಬಾಡಿಯ ಬಣ್ಣ ಕೆರೆದು ಲೋಹ ಕಾಣುವ ತನಕ ಉಜ್ಜಿ, ಲಗ್ಗು ಬೋಲ್ಟು ಮಾಡಿ, ಮೇಲೆ ದಪ್ಪ ಗ್ರೀಸು. ರಿಲೇಯನ್ನು ಪಿನ್ನು ಕೆಳಗೆ ಬರುವ ಹಾಗೆ, ರೇಡಿಯೇಟರಿನಿಂದ ದೂರ ಕೂರಿಸಿದರು. ಹಾಗಾದರೆ ನೀರು ಒಳಗೆ ನಿಲ್ಲುವುದಿಲ್ಲ. ಲೈಟಿನ ಹತ್ತಿರ ವೈರನ್ನು ಸ್ವಲ್ಪ ಕೆಳಗೆ ಜೋಲಿಸಿ ಮೇಲಕ್ಕೆ ತಿರುಗಿಸಿದ್ದಾರೆ. ವೈರಿನ ಮೇಲೆ ಹರಿದು ಬಂದ ನೀರು ಆ ಬಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಕಪ್ಲರಿಗೆ ಹೋಗುವುದಿಲ್ಲ. ಮೇಲಿಂದ ಪೂರ್ತಿ ಏಣುಏಣಿನ ಪ್ಲಾಸ್ಟಿಕ್ ಪೈಪು. ಇಲಿಗೆ ಅದೊಂದು ಲೆಕ್ಕವೇ ಅಲ್ಲ, ಆದರೂ ಬರೀ ವೈರಿಗಿಂತ ವಾಸಿ. ದನದ ಹಟ್ಟಿಯ ಪಕ್ಕ ಗಾಡಿ ನಿಲ್ಲಿಸುವ ನನ್ನಂಥವರಿಗೆ ಇಲಿ ದೊಡ್ಡ ಶತ್ರು. ಹಿಂಡಿಯ ವಾಸನೆಗೆ ಬಂದು ಬಾನೆಟಿನ ಒಳಗೆ ಬೆಚ್ಚಗೆ ಮಲಗುತ್ತವೆ.

ಬೇಸರದ ಸಂಗತಿಗಳೂ ಇವೆ. ಬೆಳಿಗ್ಗೆ ಬನ್ನಿ, ಮಧ್ಯಾಹ್ನಕ್ಕೆ ಆಗ್ತದೆ ಅಂದಿದ್ದರು. ಮುಗಿದದ್ದು ದೀಪ ಹಚ್ಚುವ ಹೊತ್ತಿಗೆ. ನಡುವೆ ಒಂದು ಮೀನಿನ ಟೆಂಪೋ ಬಂತು, ಸೆಲ್ಫ್ ಹೊಡೆಯುತ್ತಿರಲಿಲ್ಲ. ನನ್ನ ಗಾಡಿಯ ಬಾನೆಟ್ ತೆರೆದಿಟ್ಟು ಅದಕ್ಕೆ ಹೋದರು. ಮೀನು ಕಾಯುವುದಿಲ್ಲ, ಒಪ್ಪುತ್ತೇನೆ. ಒಂದು ಮಾತು ಹೇಳಬಹುದಿತ್ತು. ಬಿಲ್ಲು ಕೇಳಿದ್ದಕ್ಕೆ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆದು ಕೊಟ್ಟರು. ರಿಲೇಗೆ ವಾರಂಟಿ ಕೇಳಿದರೆ ನಗುತ್ತಾರೆ. ಫೋನ್ ಎತ್ತುವುದಿಲ್ಲ, ಕೈಯೆಲ್ಲ ಗ್ರೀಸು ಅಂತ ಕಾರಣ.

ಇದಕ್ಕಿಂತ ದೊಡ್ಡ ಕೊರತೆ ಒಂದಿದೆ. ಲೈಟಿನ ಆಂಗಲ್ ಅವರು ಸರಿ ಮಾಡಿ ಕೊಡಲಿಲ್ಲ. ಕಣ್ಣಂದಾಜಿನಲ್ಲಿ ಕೂರಿಸಿ, "ರಾತ್ರಿ ನೋಡಿ ನೀವೇ ಬಗ್ಗಿಸಿ" ಅಂದರು. ಇಷ್ಟು ಅಚ್ಚುಕಟ್ಟಾಗಿ ವೈರಿಂಗ್ ಮಾಡಿದವರು ಇದನ್ನು ಗಿರಾಕಿಗೆ ಬಿಡಬಾರದು. ಲೈಟು ಒಂದಿಷ್ಟು ಮೇಲೆ ನೋಡಿದರೂ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ, ಮಂಜಿನಲ್ಲಿ ನಮ್ಮ ಕಣ್ಣಿಗೇ ಬಿಳಿ ಪರದೆ. ಮನೆಯಲ್ಲಿ ಮಾಡಿದ ಕ್ರಮ ಹೇಳುತ್ತೇನೆ. ಸಮತಟ್ಟು ಅಂಗಳದಲ್ಲಿ ಹಟ್ಟಿಯ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿದೆ. ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಅಂತ ಅಳೆದು, ಅಷ್ಟೇ ಎತ್ತರಕ್ಕೆ ಗೋಡೆಯಲ್ಲಿ ಸುಣ್ಣದ ಗೆರೆ ಎಳೆದೆ. ಬೆಳಕಿನ ಮೇಲಂಚು ಆ ಗೆರೆಗಿಂತ 4 ಇಂಚು ಕೆಳಗೆ ಬರುವ ಹಾಗೆ ಬಗ್ಗಿಸಿ ಬೋಲ್ಟು ಬಿಗಿ ಮಾಡಿದೆ. ಗಾಡಿಯಲ್ಲಿ ದಿನಾ ಇರುವ ಭಾರ ಇರಬೇಕು. ನನ್ನದರಲ್ಲಿ ಔಷಧಿ ಪೆಟ್ಟಿಗೆ, ಹಗ್ಗ, ನೀರಿನ ಕ್ಯಾನು ಎಲ್ಲ ಹಿಂದೆ ಇರುತ್ತದೆ, ಹಿಂದೆ ಭಾರ ಆದರೆ ಮೂತಿ ಏಳುತ್ತದೆ.

ಈಗ ಹೇಗಿದೆ? ಹೆಬ್ರಿಯಿಂದ ಮುಂದಿನ ದಾರಿಯಲ್ಲಿ ಎರಡೂ ಬದಿಯ ಚರಂಡಿ ಕಾಣುತ್ತದೆ. ಮೊದಲು ಅಂದಾಜಿನಲ್ಲಿ ತಿರುಗಿಸುತ್ತಿದ್ದೆ. ಜೋರು ಮಳೆಯಲ್ಲಿ ಹೈ ಬೀಮ್ ಬಿಟ್ಟು ಡಿಪ್ ಮತ್ತು ಇವು ಸಾಕು. ಆಗುಂಬೆಯ ಮೇಲೆ ಮಂಜು ದಟ್ಟ ಇದ್ದರೆ ಯಾವ ಲೈಟೂ ಪವಾಡ ಮಾಡುವುದಿಲ್ಲ, ಬಿಳಿ ಗೆರೆ ಹಿಡಿದು ನಿಧಾನ ಹೋಗಬೇಕು. ಲೈಟು ತಗ್ಗಿನಲ್ಲಿ ಇದ್ದರೆ ಆ ಗೆರೆ ಕಾಣುತ್ತದೆ, ಅಷ್ಟೇ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡದು, ಬಿಳಿ ಹಳದಿ ಎರಡನ್ನೂ ಅದು ಹೆಚ್ಚುಕಮ್ಮಿ ಒಂದೇ ಥರ ಚದುರಿಸುತ್ತದೆ. ನಾನು ಹಳದಿ ತಗೊಂಡದ್ದು ಒದ್ದೆ ರಸ್ತೆಯಲ್ಲಿ ಕಣ್ಣಿಗೆ ಹಿತ ಅಂತ.

ಬೇರೆ ಸ್ವಿಚ್ಚು ಇರಬೇಕಿತ್ತು ಅಂತ ನನ್ನ ಅಳಿಯ ಹೇಳುತ್ತಾನೆ. ಕಂಪೆನಿ ಲೈಟು ಬೇರೆ, ಇದು ಬೇರೆ ಹಾಕಲಿಕ್ಕೆ ಆಗುವುದಿಲ್ಲ, ನಾಲ್ಕೂ ಒಟ್ಟಿಗೆ. ನನಗೆ ಅದೇ ಬೇಕು. ಊರೊಳಗೆ ಬಂದಾಗ ಒಂದೇ ಸ್ವಿಚ್ಚು, ಎಲ್ಲ ಬಂದ್. ಮೀಟರಿನ ಹತ್ತಿರ ಕಂಪೆನಿಯ ಸಣ್ಣ ದೀಪವೂ ಹತ್ತುವುದರಿಂದ ಮರೆಯುವ ಹಾಗಿಲ್ಲ. ಪಾರ್ಕ್ ಲೈಟು ಆರಿಸಿದರೆ ಇದೂ ಆರುತ್ತದೆ, ಹಾಗಾಗಿ ಬ್ಯಾಟರಿ ಇಳಿಯುವ ಭಯ ಇಲ್ಲ. ಆಸನದ ಕೆಳಗೆ ಎಲ್ಲೋ ಅಂಟಿಸಿದ ಸ್ವಿಚ್ಚನ್ನು ಕತ್ತಲಲ್ಲಿ ತಡಕಾಡುವ ಕೆಲಸವೂ ಇಲ್ಲ.

ಎಲ್ಲ ಗಾಡಿಗೂ ಇವರು ಹೀಗೆ ಮಾಡಿಕೊಡುವುದಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ನಾನು ಅಲ್ಲಿ ನಿಂತಿದ್ದಾಗಲೇ ಒಬ್ಬ ಹುಡುಗ ಹೊಸ ಕಾರು ತಂದ, ಶೋರೂಮಿನ ಪ್ಲಾಸ್ಟಿಕ್ ಕೂಡ ಸೀಟಿನಿಂದ ತೆಗೆದಿರಲಿಲ್ಲ. ಅವನನ್ನು ವಾಪಸ್ ಕಳಿಸಿದರು. ಈಗಿನ ಎಷ್ಟೋ ಕಾರುಗಳಲ್ಲಿ ಸ್ವಿಚ್ಚು ನೇರ ಲೈಟಿಗೆ ಹೋಗುವುದಿಲ್ಲ, ಒಂದು ಕಂಪ್ಯೂಟರಿಗೆ ಹೇಳುತ್ತದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ. ಲೈಟಿಗೆ ಎಷ್ಟು ಕರೆಂಟು ಹೋಗುತ್ತಿದೆ ಅಂತ ಅದು ನೋಡುತ್ತಿರುತ್ತದೆ, ಲೆಕ್ಕ ತಪ್ಪಿದರೆ ಲೈಟು ಕಟ್ ಮಾಡಿ ಮೀಟರಿನಲ್ಲಿ ವಾರ್ನಿಂಗ್ ತೋರಿಸುತ್ತದೆ. ಕೆಲವದರಲ್ಲಿ ಕರೆಂಟು ಪಟಪಟ ಕಟ್ಟಾಗಿ ಹೋಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ರಿಲೇ ಮಾತ್ರ ಗಡಗಡ ಅನ್ನುತ್ತದೆ. "ಮೊದ್ಲು ಶೋರೂಮಿನಲ್ಲಿ ಕೇಳಿ, ವಾರಂಟಿ ಹೋಗುದಿಲ್ಲ ಅಂತ ಬರೆಸಿಕೊಂಡು ಬಾ ಮಗಾ" ಅಂದರು. ಬಂದ ದುಡ್ಡು ಬಿಡುವ ಅಂಗಡಿಯವರು ಕಮ್ಮಿ, ಅಲ್ವಾ?

ಬಾನೆಟ್ ಮೇಲೆ, ಮಾಡಿನ ಮೇಲೆ ಉದ್ದ ಎಲ್‌ಇಡಿ ಬಾರ್ ಹಾಕಿ ಅಂದವರಿಗೂ ಇಲ್ಲ ಅನ್ನುತ್ತಾರೆ. ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಹಾಕಲಿಕ್ಕೆ ಶುರು ಮಾಡಿದ್ದಾರೆ. ಮೊದಲ ಸಲಕ್ಕೆ 500 ರೂಪಾಯಿ. ದಂಡ ಸಣ್ಣದೇ. ಆದರೆ ಹೆದ್ದಾರಿಯಲ್ಲಿ ರಾತ್ರಿ ಎದುರಿನವನ ಬಾರ್ ಲೈಟಿಗೆ ಕಣ್ಣು ಕತ್ತಲಾದವರು ಆ ಲೈಟಿನವನಿಗೆ ಶಾಪ ಹಾಕದೆ ಇರುವುದಿಲ್ಲ. ನಾನೂ ಹಾಕಿದ್ದೇನೆ, ತುಳುವಿನಲ್ಲಿ.

ಖರ್ಚು: ಕೂಲಿ 1,500. ರಿಲೇ, ಹೋಲ್ಡರು, ವೈರು, ಸ್ಲೀವ್, ಪೈಪು ಎಲ್ಲ ಸೇರಿ 1,350. ಹಳೇ ವೈರು ಕಿತ್ತದ್ದಕ್ಕೆ ಬೇರೆ ತಗೊಳ್ಳಲಿಲ್ಲ. ಸುತ್ತಿ ಟೇಪು ಕಟ್ಟುವವರು ಇದರ ಕಾಲು ಭಾಗಕ್ಕೆ ಮಾಡಿಕೊಡುತ್ತಾರೆ, ಆ ಗಂಟು ಹೇಗಿರುತ್ತದೆ ಅಂತ ಮೇಲೆ ಬರೆದಿದ್ದೇನೆ. ಲೈಟು ಅಲ್ಲಿ ಸಿಗುವುದಿಲ್ಲ, ನೀವೇ ತಗೊಂಡು ಹೋಗಬೇಕು. ಫೋನ್‌ಪೇ, ಗೂಗಲ್‌ಪೇ ಇದೆ. ಭಾನುವಾರ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಬೇಗ ಹೋಗಿ, ಗಾಡಿ ಬಿಟ್ಟು ಬಸ್ಸಿನಲ್ಲಿ ಉಡುಪಿಗೆ ಹೋಗಿ ನಿಮ್ಮ ಬೇರೆ ಕೆಲಸ ಮುಗಿಸಿ ಬನ್ನಿ. ಮೇ ತಿಂಗಳೊಳಗೆ ಮಾಡಿಸಿಕೊಂಡರೆ ಒಳ್ಳೆಯದು. ಜೂನ್ ಬಂತೆಂದರೆ ವೈಪರ್ ಮೋಟಾರು ಕೆಟ್ಟ ಗಾಡಿಗಳದ್ದೇ ಸಾಲು, ಎಕ್ಸ್‌ಟ್ರಾ ಲೈಟಿನ ಕೆಲಸಕ್ಕೆ ಅವರು ಕೈ ಹಾಕುವುದಿಲ್ಲ.